ಬೆರೆಯದ ದ್ರವಗಳು: ಎಣ್ಣೆ ಮತ್ತು ನೀರಿನ ನಡುವೆ ನಿಜವಾಗಿ ನಡೆಯುವುದೇನು

(ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮಾನ್ಯ ಸಭಿಕರೆ,

ಕೆಲವು ದ್ರವಗಳು ಒಂದರೊಡನೊಂದು ಏಕೆ ಬೆರೆಯುವುದಿಲ್ಲ ಎಂಬುದು ಇಂದಿನ ವಿಷಯ. ಆದರೆ ಅದಕ್ಕೆ ಮೊದಲು, ಎರಡು ವಸ್ತುಗಳು ಏಕಾದರೂ ಬೆರೆಯಬೇಕು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಒಳ್ಳೆಯದು. ಸಾಧಾರಣ ಒತ್ತಡದಲ್ಲಿ ಯಾವ ಎರಡು ಅನಿಲಗಳನ್ನು ಒಂದೇ ಪಾತ್ರೆಗೆ ಬಿಟ್ಟರೂ ಅವು ಬೆರೆಯುತ್ತವೆ. ರಾಸಾಯನಿಕವಾಗಿ ಪರಸ್ಪರ ವರ್ತಿಸದಿದ್ದರೆ ಈ ನಿಯಮಕ್ಕೆ ಅಪವಾದವೇ ಇಲ್ಲ. ದೇವರ ಮನೆಯಲ್ಲಿ ಹಚ್ಚಿದ ಊದಿನಕಡ್ಡಿಯ ಪರಿಮಳ ಯಾರೂ ಬೀಸದೆಯೇ ಹಜಾರಕ್ಕೆ ಬರುತ್ತದೆ. ಹಾಗಾಗಿ ಬೆರೆಯುವುದೇ ಸಹಜ ಸ್ಥಿತಿ ಎಂದು ಇಟ್ಟುಕೊಳ್ಳೋಣ. ಆಗ ನಾವು ವಿವರಿಸಬೇಕಾದದ್ದು ಅದಕ್ಕೆ ಬರುವ ಅಡ್ಡಿಯನ್ನು ಮಾತ್ರ.

ದಾರಿಯಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಎಣ್ಣೆ ನೀರಿಗಿಂತ ಹಗುರ, ಆದ್ದರಿಂದ ಅದು ಬೆರೆಯದೆ ತೇಲುತ್ತದೆ ಎಂಬುದು ಮೊದಲನೆಯದು. ತೇಲುವುದಕ್ಕೆ ಸಾಂದ್ರತೆ ಕಾರಣ ಹೌದು, ಬೆರೆಯದಿರುವುದಕ್ಕೆ ಅಲ್ಲ. ಕೊಬ್ಬರಿ ಎಣ್ಣೆಯ ಸಾಂದ್ರತೆ ಒಂದು ಮಿಲಿಲೀಟರಿಗೆ ಸುಮಾರು 0.92 ಗ್ರಾಂ, ಶುದ್ಧ ಆಲ್ಕೋಹಾಲಿನದು ಇನ್ನೂ ಕಡಿಮೆ, ಸುಮಾರು 0.79 ಗ್ರಾಂ, ಆದರೂ ಆಲ್ಕೋಹಾಲು ಯಾವ ಪ್ರಮಾಣದಲ್ಲಿ ಬೇಕಾದರೂ ನೀರಿನೊಡನೆ ಒಂದಾಗುತ್ತದೆ. ನೀರಿಗಿಂತ ಬಹಳ ಭಾರವಾದ ಜೇನುತುಪ್ಪವೂ ಕದಡಿದರೆ ಕರಗಿಹೋಗುತ್ತದೆ. ಎರಡು ಪದರಗಳಾದ ಮೇಲೆ ಯಾವುದು ಮೇಲಿರಬೇಕು ಎಂಬುದನ್ನಷ್ಟೇ ಸಾಂದ್ರತೆ ತೀರ್ಮಾನಿಸುತ್ತದೆ.

ನಿಧಾನವಾಗಿ ಬೆರೆಯುವುದನ್ನು ಬೆರೆಯದಿರುವುದೆಂದು ಭಾವಿಸುವುದು ಎರಡನೆಯ ತಪ್ಪು. ಎರಡು ಸಮುದ್ರಗಳು ಒಂದಾಗದೆ ಗೆರೆ ಎಳೆದಂತೆ ನಿಂತಿವೆ ಎಂಬ ಚಿತ್ರಗಳು ಮೊಬೈಲಿನಲ್ಲಿ ಆಗಾಗ ಓಡಾಡುತ್ತವೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಅಳಿವೆಗಳಲ್ಲಿಯೂ ನದಿಯ ಕೆಂಪು ನೀರಿಗೂ ಕಡಲಿನ ನೀರಿಗೂ ನಡುವೆ ಅಂಥ ಗೆರೆ ಕಾಣುವುದುಂಟು. ಉಪ್ಪು, ಹೂಳು, ತಾಪಗಳ ವ್ಯತ್ಯಾಸದಿಂದ ಅಲ್ಲಿ ಬೆರಕೆ ತಡವಾಗುತ್ತಿದೆ, ಅಷ್ಟೆ. ಆ ನೀರನ್ನು ಒಂದು ಸೀಸೆಯಲ್ಲಿ ತುಂಬಿ ಕುಲುಕಿದರೆ ಅದು ಮತ್ತೆ ಎಂದೂ ಬೇರ್ಪಡುವುದಿಲ್ಲ. ಎಣ್ಣೆ ಮತ್ತು ನೀರನ್ನು ಎಷ್ಟೇ ಕುಲುಕಿದರೂ ಅವು ಹಿಂದಿರುಗಿ ಎರಡಾಗುತ್ತವೆ. ನಮ್ಮ ವಿಷಯ ಈ ಎರಡನೆಯದು.

ಬೆರೆಯುವ ಸಹಜ ಪ್ರವೃತ್ತಿಗೆ ಭೌತವಿಜ್ಞಾನದಲ್ಲಿ ಎಂಟ್ರೊಪಿ ಎಂಬ ಅಳತೆಯಿದೆ. ಅಣುಗಳು ಬೇರೆಬೇರೆ ನಿಲ್ಲಬಹುದಾದ ವಿಧಗಳಿಗಿಂತ ಒಟ್ಟಿಗೆ ಕಲೆತು ಇರಬಹುದಾದ ವಿಧಗಳು ಎಣಿಕೆಗೆ ಸಿಗದಷ್ಟು ಹೆಚ್ಚು. ಸುಮ್ಮನೆ ಓಡಾಡುತ್ತಿರುವ ಅಣುಗಳು ಆ ಹೆಚ್ಚಿನ ವಿಧಗಳೊಳಗೇ ಕಳೆದುಹೋಗುತ್ತವೆ. ಇದರ ಬೆಲೆಯನ್ನು ಲೆಕ್ಕ ಹಾಕಬಹುದು. ಎರಡು ದ್ರವಗಳ ಅರ್ಧರ್ಧ ಮೋಲ್ ಅಣುಗಳನ್ನು ಕೋಣೆಯ ತಾಪದಲ್ಲಿ ಬೆರೆಸಿದಾಗ ಎಂಟ್ರೊಪಿಯಿಂದ ದೊರಕುವ ಲಾಭ ಸುಮಾರು 1.7 ಕಿಲೋಜೌಲ್. ಮೋಲ್ ಎಂಬುದು ಅಣುಗಳನ್ನು ಎಣಿಸುವ ಒಂದು ಮಾನ; ಒಂದು ಮೋಲ್ ನೀರು ಎಂದರೆ 18 ಗ್ರಾಂ, ಅಂದರೆ ನಾಲ್ಕು ಚಮಚದಷ್ಟು. ಜಮಾ-ಖರ್ಚಿನ ಪುಸ್ತಕದಲ್ಲಿ ಜಮೆಯ ಕಡೆ ಬರೆಯುವ ಮೊತ್ತ ಇದು. ಬೆರೆಯುವುದಕ್ಕಾಗಿ ಅಣುಗಳು ತಮ್ಮ ಹಳೆಯ ನೆರೆಹೊರೆಯನ್ನು ಬಿಟ್ಟುಬರಲು ತೆರಬೇಕಾದ ಶಕ್ತಿ ಖರ್ಚಿನ ಕಡೆಗೆ ಸೇರುತ್ತದೆ. ಖರ್ಚು ಸಣ್ಣದಾಗಿದ್ದರೆ ದ್ರವಗಳು ಬೆರೆಯುತ್ತವೆ, ಜಮೆಯನ್ನು ಮೀರಿದರೆ ಪದರಗಳಾಗುತ್ತವೆ. ಅನಿಲಗಳಲ್ಲಿ ಅಣುಗಳು ಪರಸ್ಪರ ಬಹು ದೂರ ಇರುವುದರಿಂದ ಖರ್ಚಿನ ಬಾಬ್ತು ಹೆಚ್ಚುಕಡಿಮೆ ಸೊನ್ನೆ, ಆದ್ದರಿಂದಲೇ ಅಲ್ಲಿ ತಕರಾರಿಲ್ಲ.

ಈಗ ಎಣ್ಣೆ ಮತ್ತು ನೀರಿಗೆ ಬರೋಣ. ಶಾಲೆಯಲ್ಲಿ ನಾವೆಲ್ಲ ಕಲಿತ ಉತ್ತರವೆಂದರೆ ನೀರಿನ ಅಣುವಿನಲ್ಲಿ ವಿದ್ಯುದಂಶ ಸಮನಾಗಿ ಹಂಚಿಕೆಯಾಗಿಲ್ಲ, ಅದು ಧ್ರುವೀಯ. ಎಣ್ಣೆಯ ಅಣುವಿನಲ್ಲಿ ಅಂಥ ಧ್ರುವಗಳಿಲ್ಲ. ಸಮಾನ ಗುಣದವು ಮಾತ್ರ ಒಂದರಲ್ಲೊಂದು ಕರಗುತ್ತವೆ, ಎಣ್ಣೆಯು ನೀರನ್ನು ದೂರ ತಳ್ಳುತ್ತದೆ. ಈ ಉತ್ತರದ ಮೊದಲ ಭಾಗ ಸರಿ. ಕೊನೆಯ ಮಾತು ಮಾತ್ರ ಸರಿಯಲ್ಲ, ಅದು ಎಷ್ಟು ಪಠ್ಯಪುಸ್ತಕಗಳಲ್ಲಿ ಅಚ್ಚಾಗಿದ್ದರೂ ಸರಿಯಾಗುವುದಿಲ್ಲ. ಎಣ್ಣೆ ನೀರನ್ನು ತಳ್ಳುವುದಿಲ್ಲ.

ಇದನ್ನು ಅಳತೆಯಿಂದಲೇ ತೋರಿಸಬಹುದು. ಹೆಕ್ಸೇನ್ ಎಂಬುದು ಪೆಟ್ರೋಲಿನಲ್ಲಿರುವ, ಇಂಗಾಲ ಮತ್ತು ಹೈಡ್ರೋಜನ್ ಬಿಟ್ಟರೆ ಬೇರೇನೂ ಇಲ್ಲದ, ಅಪ್ಪಟ ಎಣ್ಣೆಗುಣದ ದ್ರವ. ಒಂದು ಚದರ ಮೀಟರ್ ನೀರಿನ ಮೇಲ್ಮೈ ಉಂಟುಮಾಡಲು ಸುಮಾರು 72 ಮಿಲಿಜೌಲ್ ಶಕ್ತಿ ಬೇಕು, ಹೆಕ್ಸೇನಿನ ಮೇಲ್ಮೈಗೆ ಸುಮಾರು 18, ಅವೆರಡರ ನಡುವಿನ ಗಡಿಗೆ ಸುಮಾರು 51. ಗಡಿಯಲ್ಲಿ ಅಂಟಿಕೊಂಡಿರುವ ನೀರನ್ನೂ ಹೆಕ್ಸೇನನ್ನೂ ಬಿಡಿಸಿ ಬೇರೆ ಮಾಡಿದರೆ ಎರಡು ಹೊಸ ಮೇಲ್ಮೈಗಳು ಹುಟ್ಟುತ್ತವೆ, ಒಂದು ಗಡಿ ಅಳಿಯುತ್ತದೆ. 72ಕ್ಕೆ 18 ಕೂಡಿಸಿ 51 ಕಳೆದರೆ 39 ಮಿಲಿಜೌಲ್. ಅಂದರೆ ಅವು ಒಂದಕ್ಕೊಂದು ಅಂಟಿಕೊಂಡಿರುವ ಬಲ ಅಷ್ಟು. ಹೆಕ್ಸೇನನ್ನು ಹೆಕ್ಸೇನಿನಿಂದಲೇ ಬಿಡಿಸಲು ಬೇಕಾದದ್ದು 18ರ ಎರಡರಷ್ಟು, 36 ಮಿಲಿಜೌಲ್. ಎಣ್ಣೆಯು ತನ್ನ ಜಾತಿಯ ಅಣುವಿಗೆ ಎಷ್ಟು ಅಂಟುತ್ತದೋ ನೀರಿಗೂ ಅಷ್ಟೇ, ಒಂದು ಕೂದಲೆಳೆ ಹೆಚ್ಚೇ ಅಂಟುತ್ತದೆ. ನೀರನ್ನು ನೀರಿನಿಂದ ಬಿಡಿಸುವುದಕ್ಕೆ ಮಾತ್ರ 144 ಮಿಲಿಜೌಲ್ ಬೇಕು. ಇಡೀ ವಿಷಯ ಈ ಕೊನೆಯ ಅಂಕಿಯಲ್ಲಿದೆ. ನೀರಿಗೆ ಎಣ್ಣೆಯ ಮೇಲೆ ವೈರವಿಲ್ಲ, ತನ್ನ ಮೇಲೆ ಅತಿಯಾದ ಮೋಹವಿದೆ.

ಅಮೆರಿಕದ ಬರ್ಕ್ಲಿಯಲ್ಲಿ ದ್ರಾವಣಗಳ ಅಧ್ಯಯನದಲ್ಲಿಯೇ ಜೀವ ತೇಯ್ದ ಜೋಯೆಲ್ ಹಿಲ್ಡೆಬ್ರಾಂಡ್ ಈ ಮಾತನ್ನು 1979ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ಒಂದು ಚಿಕ್ಕ ಲೇಖನದಲ್ಲಿ ಮತ್ತೊಮ್ಮೆ ಒತ್ತಿ ಹೇಳಿದರು. ನೀರಿಗೂ ಇಂಗಾಲ-ಹೈಡ್ರೋಜನ್ ಮಾತ್ರ ಇರುವ ಈ ಹೈಡ್ರೋಕಾರ್ಬನ್‌ಗಳಿಗೂ ನಡುವೆ ಇರುವುದು ‘ಹೈಡ್ರೋಫೋಬಿಕ್’ (ನೀರಿಗೆ ಹೆದರುವ) ಎಂಬ ರೂಢಿಯ ಹೆಸರು ಸೂಚಿಸುವ ಭಯವಲ್ಲ. ನೀರಿನ ಬಂಧಗಳನ್ನು ಸಡಿಲಿಸಿ ಒಳಹೊಗುವಷ್ಟು ಆಕರ್ಷಣೆ ಇಲ್ಲದಿರುವುದಷ್ಟೇ ಎಂಬುದು ಅವರ ವಾದದ ಸಾರ.

ಅಡಿಗೆಯ ಎಣ್ಣೆಗಳಂತೂ ನೀರನ್ನು ಇನ್ನೂ ಹೆಚ್ಚು ಬಯಸುತ್ತವೆ, ಏಕೆಂದರೆ ಅವುಗಳ ಅಣುವಿನ ಒಂದು ತುದಿಯಲ್ಲಿ ಆಮ್ಲಜನಕವಿರುವ ಧ್ರುವೀಯ ಭಾಗಗಳಿವೆ. ಲಂಡನ್ನಿನ ಕ್ಲಾಫಮ್ ಎಂಬಲ್ಲಿನ ಕೆರೆಯೊಂದರ ಮೇಲೆ ಬೆಂಜಮಿನ್ ಫ್ರಾಂಕ್ಲಿನ್ ಒಂದು ಟೀ ಚಮಚಕ್ಕೆ ಮೀರದಷ್ಟು ಎಣ್ಣೆ ಸುರಿದಾಗ ಅದು ಹರಡುತ್ತ ಹೋಗಿ ಅರ್ಧ ಎಕರೆಯಷ್ಟು ನೀರನ್ನು ಕನ್ನಡಿಯಂತೆ ಶಾಂತಗೊಳಿಸಿತೆಂದು 1774ರಲ್ಲಿ ಪ್ರಕಟವಾದ ಅವರ ವರದಿ ಹೇಳುತ್ತದೆ. ಅರ್ಧ ಎಕರೆ ಎಂದರೆ ಸುಮಾರು 2,000 ಚದರ ಮೀಟರ್. ಭಾಗಾಕಾರ ಮಾಡಿ ನೋಡಿದರೆ ಪದರದ ದಪ್ಪ ಮೀಟರಿನ ನೂರು ಕೋಟಿಯ ಎರಡು ಭಾಗದಷ್ಟಾಗುತ್ತದೆ. ಒಂದೇ ಒಂದು ಅಣುವಿನ ಉದ್ದದ ಆಸುಪಾಸು. ನೀರನ್ನು ದೂರ ತಳ್ಳುವ ವಸ್ತುವಾಗಿದ್ದರೆ ಅದು ಹನಿಯಾಗಿ ಮುದುಡಿಕೊಳ್ಳಬೇಕಿತ್ತೇ ಹೊರತು ಪ್ರತಿಯೊಂದು ಅಣುವೂ ನೀರನ್ನು ಮುಟ್ಟುವಂತೆ ಹರಡಿಕೊಳ್ಳುತ್ತಿರಲಿಲ್ಲ. ಧ್ರುವೀಯ ತುದಿ ಇಲ್ಲದ ಶುದ್ಧ ಖನಿಜ ತೈಲವನ್ನು ಹಾಕಿದರೆ ಹೀಗಾಗದು. ಅದು ಬೊಟ್ಟಿನಂತೆ ಒಂದೆಡೆ ನಿಲ್ಲುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಈ ಪದರಗಳನ್ನು ಕ್ರಮಬದ್ಧವಾಗಿ ಅಳೆಯುವ ವಿಧಾನ ರೂಪುಗೊಂಡದ್ದು ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಒಂದು ಮನೆಯಲ್ಲಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಆಗ್ನೆಸ್ ಪೋಕೆಲ್ಸ್ ಬರೆದ ಪತ್ರವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ 1891ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು.

ನೀರಿನ ಈ ಮೋಹಕ್ಕೆ ಕಾರಣ ಹೈಡ್ರೋಜನ್ ಬಂಧ. ಒಂದು ನೀರಿನ ಅಣು ತನ್ನ ಸುತ್ತಲಿನ ನಾಲ್ಕು ಅಣುಗಳೊಡನೆ ಬಂಧ ಬೆಳೆಸಬಲ್ಲದು, ಒಂದೊಂದು ಬಂಧದ ಶಕ್ತಿ ಮೋಲಿಗೆ ಸುಮಾರು 20 ಕಿಲೋಜೌಲ್. ಆಗಲೇ ಹೇಳಿದ 1.7 ಕಿಲೋಜೌಲ್ ಜಮೆಯ ಎದುರು ಇದನ್ನು ಇಟ್ಟು ನೋಡಿ. ಎಣ್ಣೆಯ ಅಣುವಿಗೆ ಜಾಗ ಮಾಡಿಕೊಡಲು ಈ ಬಂಧಗಳು ಮುರಿಯಬೇಕಾಗುತ್ತದೆ, ಅದಕ್ಕಾಗಿಯೇ ಖರ್ಚು ಹೆಚ್ಚು ಎಂದು ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಆದರೆ ಪ್ರಯೋಗ ಬೇರೆಯೇ ಮಾತು ಹೇಳುತ್ತದೆ. ಹೆಕ್ಸೇನಿನಂಥದೇ ಇನ್ನೊಂದು ಹೈಡ್ರೋಕಾರ್ಬನ್ ಆದ ಬ್ಯೂಟೇನಿನ ದ್ರವರೂಪದಿಂದ ಒಂದು ಮೋಲ್ ಅಣುಗಳನ್ನು 25 ಡಿಗ್ರಿ ಸೆಲ್ಸಿಯಸ್ಸಿನ ನೀರಿಗೆ ಸಾಗಿಸಲು ತೆರಬೇಕಾದ ಒಟ್ಟು ಬೆಲೆ ಸುಮಾರು 25 ಕಿಲೋಜೌಲ್; ಆದರೆ ಆಗ ಶಾಖ ಹೀರಲ್ಪಡುವುದಿಲ್ಲ, ಬದಲಿಗೆ ಸುಮಾರು 4 ಕಿಲೋಜೌಲ್ ಶಾಖ ಹೊರಬರುತ್ತದೆ. ಬಂಧ ಮುರಿಯುವ ವೆಚ್ಚವೇ ದೊಡ್ಡದಾಗಿದ್ದರೆ ಹೀಗೆ ಆಗುವಂತಿಲ್ಲ. ಹಾಗಾದರೆ ಖರ್ಚು ಎಲ್ಲಿ ಬಂತು?

ಅದು ಬಂದದ್ದು ಎಂಟ್ರೊಪಿಯ ಖಾತೆಯಿಂದಲೇ. ಎಣ್ಣೆಯ ಅಣುವಿನ ಪಕ್ಕದಲ್ಲಿ ನಿಂತ ನೀರಿನ ಅಣು ತನ್ನ ಬಂಧಗಳನ್ನು ಕಳೆದುಕೊಳ್ಳಲು ಒಪ್ಪುವುದಿಲ್ಲ. ಎಣ್ಣೆಯ ಕಡೆಗೆ ಬಂಧ ಚಾಚಿದರೆ ಅದು ವ್ಯರ್ಥ, ಆದ್ದರಿಂದ ನಾಲ್ಕನ್ನೂ ಉಳಿದ ನೀರಿನೊಡನೆಯೇ ಬೆಸೆದುಕೊಳ್ಳುವಂತೆ ಅದು ತಿರುಗಿ ನಿಲ್ಲುತ್ತದೆ. ಬಂಧಗಳು ಉಳಿದವು, ಆದರೆ ಮೊದಲು ಎತ್ತ ಬೇಕಾದರೂ ತಿರುಗಬಹುದಾಗಿದ್ದ ಅಣುವಿಗೆ ಈಗ ಕೆಲವೇ ದಿಕ್ಕುಗಳು ಉಳಿದವು. ಈ ಸ್ವಾತಂತ್ರ್ಯದ ನಷ್ಟವೇ ಬೆಲೆ. ಬೆರೆಯುವುದರಿಂದ ಎಣ್ಣೆಯ ಅಣುಗಳು ಗಳಿಸುವ ಎಂಟ್ರೊಪಿಗಿಂತ ಅವುಗಳನ್ನು ಸುತ್ತುವರಿದ ನೀರು ಕಳೆದುಕೊಳ್ಳುವ ಎಂಟ್ರೊಪಿ ಹೆಚ್ಚು. ಆ ಸುತ್ತಿನ ನೀರು ಹಿಮಗಡ್ಡೆಯಂತೆ ಕಟ್ಟಿಕೊಳ್ಳುತ್ತದೆ ಎಂದು 1945ರಲ್ಲಿ ಫ್ರಾಂಕ್ ಮತ್ತು ಇವಾನ್ಸ್ ಎಂಬ ವಿಜ್ಞಾನಿಗಳು ಚಿತ್ರಿಸಿದ್ದರು. ಆ ಚಿತ್ರವನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ನೀರು ಅಲ್ಲಿ ಹಿಮವಾಗುವುದಿಲ್ಲ, ತುಸು ಶಿಸ್ತಿಗೆ ಒಳಪಡುತ್ತದೆ ಎನ್ನುವುದೇ ಸರಿಯೆಂದು ನನಗೆ ತೋರುತ್ತದೆ. ಎಣ್ಣೆಯ ಹನಿಗಳು ಒಂದುಗೂಡಿದಾಗ ನೀರಿಗೆ ತಾಗುವ ಮೇಲ್ಮೈ ಕಡಿಮೆಯಾಗಿ, ಶಿಸ್ತಿಗೆ ಸಿಕ್ಕಿದ್ದ ಅಷ್ಟು ನೀರು ಬಿಡುಗಡೆ ಹೊಂದುತ್ತದೆ. ಹನಿಗಳು ಒಂದನ್ನೊಂದು ಹುಡುಕಿ ಸೇರುವಂತೆ ಕಾಣುವುದರ ಹಿಂದೆ ಇರುವುದು ನೀರಿನ ಈ ಬಿಡುಗಡೆ.

ಹಾಗೆಂದು ಎಣ್ಣೆ ನೀರಿನಲ್ಲಿ ಕರಗುವುದೇ ಇಲ್ಲ ಎಂದಲ್ಲ. ಒಂದು ಲೀಟರ್ ನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಹೆಕ್ಸೇನ್ ಕರಗುತ್ತದೆ, ಬೆಂಜೀನ್ ಸುಮಾರು 1.8 ಗ್ರಾಂ. ಸಂಪೂರ್ಣವಾಗಿ ಬೆರೆಯದ ಜೋಡಿ ಎಂಬುದು ಪ್ರಕೃತಿಯಲ್ಲಿ ಇಲ್ಲ, ಎಷ್ಟು ಬೆರೆಯುತ್ತದೆ ಎಂಬ ಪ್ರಶ್ನೆ ಮಾತ್ರ ಇದೆ. ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕು ಸೋರಿದರೆ ಸುತ್ತಲಿನ ಬಾವಿಗಳ ನೀರು ಕೆಡುವುದು ಈ ಅಲ್ಪಸ್ವಲ್ಪ ಕರಗುವಿಕೆಯಿಂದಲೇ.

ಎಷ್ಟು ಎಂಬ ಈ ಪ್ರಶ್ನೆಗೆ ಆಲ್ಕೋಹಾಲುಗಳ ಸಾಲು ಬಹಳ ಚೆನ್ನಾಗಿ ಉತ್ತರಿಸುತ್ತದೆ. ಈ ಅಣುಗಳ ಒಂದು ತುದಿಯಲ್ಲಿ ನೀರಿನಂತೆಯೇ ಇರುವ ಆಮ್ಲಜನಕ-ಹೈಡ್ರೋಜನ್ ಗುಂಪು, ಇನ್ನೊಂದು ತುದಿಯಲ್ಲಿ ಎಣ್ಣೆಯಂಥ ಇಂಗಾಲದ ಸರಪಳಿ. ಒಂದು, ಎರಡು, ಮೂರು ಇಂಗಾಲಗಳವರೆಗೆ ಅವು ನೀರಿನೊಡನೆ ಪೂರ್ತಿ ಬೆರೆಯುತ್ತವೆ. ನಾಲ್ಕು ಇಂಗಾಲಗಳ ನೇರ ಸರಪಳಿಯ ಬ್ಯೂಟನಾಲ್ 100 ಮಿಲಿಲೀಟರ್ ನೀರಿನಲ್ಲಿ 7ರಿಂದ 8 ಗ್ರಾಂ ಮಾತ್ರ ಕರಗುತ್ತದೆ, ಐದರದು ಸುಮಾರು 2 ಗ್ರಾಂ, ಆರರದು ಸುಮಾರು 0.6 ಗ್ರಾಂ. ಎಂಟಕ್ಕೆ ಬರುವ ಹೊತ್ತಿಗೆ ಅದು ಎಣ್ಣೆಯೇ ಆಗಿಬಿಡುತ್ತದೆ. ನಾಲ್ಕು ಇಂಗಾಲಗಳನ್ನೇ ಉದ್ದಕ್ಕೆ ಜೋಡಿಸುವ ಬದಲು ಗುಂಡಗೆ ಮುದುಡಿಸಿದ ಟರ್ಷಿಯರಿ ಬ್ಯೂಟನಾಲ್ ಮತ್ತೆ ಪೂರ್ತಿ ಬೆರೆಯುತ್ತದೆ, ಏಕೆಂದರೆ ಅದು ನೀರಿಗೆ ತೋರುವ ಎಣ್ಣೆಮೈ ಕಡಿಮೆ. ಇದೇ ತರ್ಕ ನಮ್ಮ ಹರಳೆಣ್ಣೆಗೂ ಅನ್ವಯಿಸುತ್ತದೆ. ಅದರ ಅಣುಗಳಲ್ಲಿ ಉಳಿದ ಎಣ್ಣೆಗಳಲ್ಲಿಲ್ಲದ ಆಮ್ಲಜನಕ-ಹೈಡ್ರೋಜನ್ ಗುಂಪುಗಳಿರುವುದರಿಂದ ಶುದ್ಧ ಆಲ್ಕೋಹಾಲಿನಲ್ಲಿ ಅದು ಸರಾಗವಾಗಿ ಬೆರೆಯುತ್ತದೆ. ಕಡಲೆಕಾಯಿ ಎಣ್ಣೆ ಹಾಗೆ ಬೆರೆಯುವುದಿಲ್ಲ.

ಜಮಾ-ಖರ್ಚಿನ ಎರಡೂ ಬಾಬ್ತುಗಳು ತಾಪಮಾನಕ್ಕೆ ಕಟ್ಟುಬಿದ್ದಿವೆ, ಹಾಗಾಗಿ ತಾಪ ಬದಲಾದರೆ ತೀರ್ಪೂ ಬದಲಾಗಬಹುದು. ರಸಾಯನ ವಿಜ್ಞಾನದಲ್ಲಿ ಪದವಿ ಓದಿದವರು ಫೀನಾಲ್ ಮತ್ತು ನೀರಿನ ಪ್ರಯೋಗವನ್ನು ಮರೆತಿರಲಾರರು. ದಪ್ಪ ಪ್ರನಾಳವೊಂದರಲ್ಲಿ ಫೀನಾಲ್ ಹಾಕಿ, ಬ್ಯೂರೆಟ್ಟಿನಿಂದ ಅಷ್ಟಷ್ಟೇ ನೀರು ಬಿಟ್ಟು, ನೀರಿನ ಸ್ನಾನದಲ್ಲಿ ಇಟ್ಟು, ತಂತಿಯ ಕಡ್ಡಿಯಿಂದ ಕದಡುತ್ತ ಕಾಯಿಸಬೇಕು. ಮಜ್ಜಿಗೆಯಂತೆ ಬೆಳ್ಳಗಿದ್ದ ದ್ರವ ಒಂದು ನಿರ್ದಿಷ್ಟ ತಾಪದಲ್ಲಿ ಥಟ್ಟನೆ ತಿಳಿಯಾಗುತ್ತದೆ. ಹೊರತೆಗೆದು ಆರಿಸಿದರೆ ಅದೇ ತಾಪದ ಆಸುಪಾಸಿನಲ್ಲಿ ಮತ್ತೆ ಮೋಡ ಕವಿಯುತ್ತದೆ. ಎರಡರ ಸರಾಸರಿಯನ್ನು ಬರೆದುಕೊಂಡು, ಮತ್ತಷ್ಟು ನೀರು ಸೇರಿಸಿ, ಹೀಗೆಯೇ ಮುಂದುವರಿದು ನಕ್ಷೆ ಎಳೆದರೆ ಗುಡ್ಡದಂಥ ಒಂದು ವಕ್ರರೇಖೆ ಬರುತ್ತದೆ. ಅದರ ನೆತ್ತಿ ಸುಮಾರು 66 ಡಿಗ್ರಿ. ಅದಕ್ಕಿಂತ ಮೇಲೆ ಫೀನಾಲ್ ಮತ್ತು ನೀರು ಯಾವ ಪ್ರಮಾಣದಲ್ಲಿದ್ದರೂ ಒಂದೇ ದ್ರವ. ಇದನ್ನು ನಿರ್ಣಾಯಕ ತಾಪಮಾನ ಎನ್ನುತ್ತಾರೆ. ಚಿಟಿಕೆ ಉಪ್ಪು ಬಿದ್ದರೂ ಈ ನೆತ್ತಿ ಮೇಲೇರುತ್ತದೆ, ಮತ್ತು ಆ ಏರಿಕೆಯಿಂದಲೇ ಉಪ್ಪಿನ ಪ್ರಮಾಣವನ್ನು ಕಂಡುಹಿಡಿಯುವ ಲೆಕ್ಕವನ್ನು ಪರೀಕ್ಷೆಯಲ್ಲಿ ಕೊಡುವುದೂ ಉಂಟು.

ಕಾಯಿಸಿದರೆ ಬೆರೆಯುವುದು ನಮ್ಮ ನಿರೀಕ್ಷೆಗೆ ಹೊಂದುತ್ತದೆ. ಟ್ರೈಈಥೈಲ್ ಅಮೀನ್ ಎಂಬ ಮೀನಿನ ವಾಸನೆಯ ದ್ರವ ಇದಕ್ಕೆ ಸರಿ ವಿರುದ್ಧ. ಸುಮಾರು 18 ಡಿಗ್ರಿಗಿಂತ ತಣ್ಣಗಿರುವವರೆಗೆ ಅದು ನೀರಿನೊಡನೆ ಒಂದಾಗಿರುತ್ತದೆ. ಆ ಸೀಸೆಯನ್ನು ಅಂಗೈಯಲ್ಲಿ ಹಿಡಿದರೆ ಕೈಯ ಬಿಸಿಗೇ ಬೆಳ್ಳಗಾಗಿ ಎರಡು ಪದರಗಳಾಗುತ್ತದೆ. ತಣ್ಣಗಿದ್ದಾಗ ಅದರ ಸಾರಜನಕ ಮತ್ತು ನೀರಿನ ನಡುವೆ ಏರ್ಪಟ್ಟಿರುವ ಹೈಡ್ರೋಜನ್ ಬಂಧಗಳು ಕಾವಿಗೆ ಸಡಿಲವಾಗುತ್ತವೆ, ಜೊತೆಗೆ ನೀರನ್ನು ಶಿಸ್ತಿಗೆ ಒಳಪಡಿಸಿದ್ದಕ್ಕೆ ತೆರಬೇಕಾದ ಎಂಟ್ರೊಪಿಯ ದಂಡ ತಾಪದೊಡನೆ ಏರುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಇನ್ನೂ ವಿಚಿತ್ರ: ಸುಮಾರು 61 ಡಿಗ್ರಿಯವರೆಗೆ ನೀರಿನಲ್ಲಿ ಬೆರೆತಿದ್ದು, ಅಲ್ಲಿಂದ ಸುಮಾರು 210 ಡಿಗ್ರಿಯವರೆಗೆ ಬೇರ್ಪಟ್ಟು, ಅದರಾಚೆ ಒತ್ತಡದಲ್ಲಿ ಕಾಯಿಸಿದರೆ ಮತ್ತೆ ಬೆರೆಯುತ್ತದೆ. ಬೆರೆಯುವ ಮತ್ತು ಬೆರೆಯದ ದ್ರವಗಳು ಎಂದು ಎರಡು ಪಟ್ಟಿ ಮಾಡಿಟ್ಟುಕೊಳ್ಳುವವರಿಗೆ ನಿಕೋಟಿನ್ ಸಾಕಷ್ಟು ಉತ್ತರ.

ನಿರ್ಣಾಯಕ ತಾಪಮಾನದ ಹತ್ತಿರ ಹತ್ತಿರ ಹೋದಾಗ ದ್ರವವು ಬೆರೆಯಲೋ ಬೇಡವೋ ಎಂಬ ಸ್ಥಿತಿಯಲ್ಲಿ ಹೊಯ್ದಾಡುತ್ತ, ಅದರೊಳಗಿನ ಏರಿಳಿತಗಳು ಬೆಳಕಿನ ಅಲೆಯಷ್ಟು ದೊಡ್ಡದಾಗಿ, ಹಾಲುಗಾಜಿನಂಥ ಹೊಳಪು ಕಾಣಿಸಿಕೊಳ್ಳುತ್ತದೆ. ಆ ಹೊಳಪಿನ ಸಿದ್ಧಾಂತವನ್ನು 1908ರಲ್ಲಿ ಸ್ಮೊಲುಕೋವ್‌ಸ್ಕಿ, 1910ರಲ್ಲಿ ಐನ್‌ಸ್ಟೈನ್ ರೂಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇ.ಎಸ್.ಆರ್. ಗೋಪಾಲ್ ಅವರೂ ಅವರ ಸಹೋದ್ಯೋಗಿಗಳೂ ದ್ರವಜೋಡಿಗಳ ಈ ನಿರ್ಣಾಯಕ ಸ್ಥಿತಿಯನ್ನು ದೀರ್ಘಕಾಲ ಅಭ್ಯಾಸ ಮಾಡಿ 1983ರಲ್ಲಿ ಬರೆದ ವಿಸ್ತಾರವಾದ ಸಮೀಕ್ಷಾ ಲೇಖನ ಆ ಕ್ಷೇತ್ರದವರು ಇಂದಿಗೂ ತಿರುವಿಹಾಕುವಂಥದು.

ಇನ್ನು ಮೂರನೆಯ ವಸ್ತು ನಡುವೆ ಬಂದಾಗ ಏನಾಗುತ್ತದೆ ಎಂಬುದು. ಗಾಯ ಒರೆಸಲು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲು ನೀರಿನೊಡನೆ ಪೂರ್ತಿ ಬೆರೆತಿರುತ್ತದೆ. ಅದಕ್ಕೆ ಧಾರಾಳವಾಗಿ ಅಡಿಗೆ ಉಪ್ಪು ಹಾಕಿ ಕುಲುಕಿಟ್ಟರೆ ಕೆಲವೇ ನಿಮಿಷಗಳಲ್ಲಿ ಆಲ್ಕೋಹಾಲು ಮೇಲೆ, ಉಪ್ಪುನೀರು ಕೆಳಗೆ ಎಂದು ಎರಡಾಗುತ್ತದೆ. ಉಪ್ಪಿನ ಅಯಾನುಗಳು ನೀರನ್ನು ಎಷ್ಟು ಬಲವಾಗಿ ಸೆಳೆದುಕೊಳ್ಳುತ್ತವೆಂದರೆ ಆಲ್ಕೋಹಾಲಿನ ಪಾಲಿಗೆ ನೀರು ಉಳಿಯುವುದಿಲ್ಲ.

ಸಾಬೂನಿನ ಕೆಲಸ ಇದಕ್ಕೆ ವಿರುದ್ಧ. ಅದರ ಅಣುವಿನ ಉದ್ದನೆಯ ಬಾಲ ಎಣ್ಣೆಯೊಳಗೆ ಹೂತುಕೊಂಡು ತಲೆ ನೀರಿನಲ್ಲಿ ಉಳಿಯುವುದರಿಂದ ಎಣ್ಣೆಯ ಹನಿಯ ಹೊರಮೈ ನೀರಿಗೆ ನೀರಿನಂತೆಯೇ ಕಾಣುತ್ತದೆ. ಸೀಗೆಕಾಯಿ ಮತ್ತು ಅಂಟುವಾಳಗಳಲ್ಲಿರುವ ಸಪೋನಿನ್‌ಗಳದೂ ಇದೇ ರಚನೆ. ಹೊಂದಿಕೆಯಾಗದ ಇಬ್ಬರನ್ನು ನಾವು ಎಣ್ಣೆ-ಸೀಗೆಕಾಯಿ ಎಂದು ಕರೆಯುತ್ತೇವೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಸೀಗೆಕಾಯಿಗೆ ಮಾಡಿದ ಅನ್ಯಾಯ, ಎಣ್ಣೆಯ ಕೈ ಹಿಡಿದು ನೀರಿಗೆ ಕರೆದೊಯ್ಯುವುದೇ ಅದರ ಕೆಲಸ. ಹೀಗೆ ಹಿಡಿದಿಟ್ಟ ಹನಿಗಳು ನಿಜವಾಗಿ ಬೆರೆತಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಹಾಲು ಇಂಥದೇ ಒಂದು ವ್ಯವಸ್ಥೆ. ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಚಿಕ್ಕ ಕೊಬ್ಬಿನ ಹನಿಗಳನ್ನು ಒಂದು ತೆಳುಪೊರೆ ಸುತ್ತಿಕೊಂಡಿರುತ್ತದೆ. ಕಡಗೋಲಿನ ಪೆಟ್ಟಿಗೆ ಪೊರೆ ಹರಿದು ಹನಿಗಳು ಒಂದಕ್ಕೊಂದು ಅಂಟಿ ಬೆಣ್ಣೆ ಬರುತ್ತದೆ. ಕಡೆಯುವಾಗ ಬೇಸಗೆಯಲ್ಲಿ ತಣ್ಣೀರನ್ನೂ ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರನ್ನೂ ಹಾಕುವ ನಮ್ಮ ಮನೆಗಳ ರೂಢಿಗೆ ಗಟ್ಟಿ ಕಾರಣವಿದೆ. ಕೊಬ್ಬು ಅರ್ಧ ಗಟ್ಟಿ, ಅರ್ಧ ದ್ರವವಾಗಿರುವ ತಾಪದಲ್ಲಿ ಮಾತ್ರ ಹನಿಗಳು ಸರಿಯಾಗಿ ಅಂಟಿಕೊಳ್ಳುತ್ತವೆ. ಪೂರ್ತಿ ಕರಗಿದ್ದರೆ ಬೆಣ್ಣೆ ಲೋಳೆಯಾಗುತ್ತದೆ, ಪೂರ್ತಿ ಹೆಪ್ಪುಗಟ್ಟಿದ್ದರೆ ಹೊರಬರುವುದೇ ಇಲ್ಲ.

ಡೆಟಾಲನ್ನು ನೀರಿಗೆ ಹಾಕಿದಾಗ ಹಾಲಿನಂತೆ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿದ್ದೀರಿ. ಬಾಟಲಿಯಲ್ಲಿದ್ದಾಗ ಅದು ತಿಳಿಯಾದ ಕಂದು ದ್ರವ. ಪೈನ್ ಎಣ್ಣೆಯನ್ನೂ ಕ್ಲೋರೋಕ್ಸೈಲಿನಾಲ್ ಎಂಬ ಕ್ರಿಮಿನಾಶಕವನ್ನೂ ಆಲ್ಕೋಹಾಲು ಮತ್ತು ಹರಳೆಣ್ಣೆಯ ಸಾಬೂನು ಅಲ್ಲಿ ಕರಗಿಸಿಟ್ಟಿರುತ್ತವೆ. ಬಕೆಟ್ಟಿನ ನೀರಿಗೆ ಬಿದ್ದೊಡನೆ ಆಲ್ಕೋಹಾಲು ನೀರಿನೊಳಗೆ ಹಂಚಿಹೋಗುತ್ತದೆ, ಆಸರೆ ತಪ್ಪಿದ ಎಣ್ಣೆ ಇದ್ದಲ್ಲೇ ಅತಿ ಸಣ್ಣ ಹನಿಗಳಾಗಿ ಹೊರಬಿದ್ದು ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ. ಯಾರೂ ಕದಡಬೇಕಾಗಿಲ್ಲ. ಗ್ರೀಸಿನ ಊಜೊ ಎಂಬ ಸೋಂಪಿನ ಮದ್ಯ ನೀರು ಬೆರೆಸಿದಾಗ ಹೀಗೆಯೇ ಬೆಳ್ಳಗಾಗುವುದರಿಂದ ಈ ವಿದ್ಯಮಾನಕ್ಕೆ ಅದರ ಹೆಸರೇ ನಿಂತಿದೆ.

ಈ ಮೂರನೆಯ ವಸ್ತುವಿನ ಮಾತು ಈಗ ನಮ್ಮ ವಾಹನಗಳ ಟ್ಯಾಂಕಿನವರೆಗೂ ಬಂದಿದೆ. ನಮ್ಮ ದೇಶದ ಪೆಟ್ರೋಲಿನಲ್ಲಿ 2022ರ ಹೊತ್ತಿಗೆ ಶೇಕಡಾ 10ರಷ್ಟಿದ್ದ ಎಥನಾಲ್ 2025ರಲ್ಲಿ ಶೇಕಡಾ 20ಕ್ಕೆ ಏರಿತು. ಬೆಳಗಾವಿ, ಬಾಗಲಕೋಟೆಗಳ ಕಬ್ಬು ಅದಕ್ಕೆ ತನ್ನ ಪಾಲನ್ನು ಸಲ್ಲಿಸುತ್ತಿದೆ. ಎರಡು ಇಂಗಾಲಗಳ ಎಥನಾಲ್ ಪೆಟ್ರೋಲಿಗೂ ನೀರಿಗೂ ಸ್ನೇಹಿತ. ಹಿಂದೆ ಟ್ಯಾಂಕಿಗೆ ಸ್ವಲ್ಪ ನೀರು ಸೇರಿದರೆ ಅದು ತಳಕ್ಕಿಳಿದು ಅಲ್ಲೇ ಬಿದ್ದಿರುತ್ತಿತ್ತು, ಮೇಲಿನ ಪೆಟ್ರೋಲಿಗೆ ಏನೂ ಆಗುತ್ತಿರಲಿಲ್ಲ. ಈಗ ಆ ಅಲ್ಪ ನೀರನ್ನು ಎಥನಾಲ್ ತನ್ನೊಡನೆ ಪೆಟ್ರೋಲಿನಲ್ಲಿಯೇ ಕರಗಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಅನುಕೂಲವೇ. ಆದರೆ ನೀರು ಮಿತಿ ಮೀರಿದರೆ, ಅಥವಾ ಮಿತಿಯ ಅಂಚಿನಲ್ಲಿರುವಾಗ ತಾಪ ಇಳಿದರೆ, ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕೈ ಹಿಡಿದು ತಳಕ್ಕಿಳಿಯುತ್ತದೆ. ಆಗ ಕೆಳಗಿನ ಪದರ ನೀರು ಮತ್ತು ಎಥನಾಲಿನದು, ಮೇಲೆ ಉಳಿದದ್ದು ಆಕ್ಟೇನ್ ಮಟ್ಟ (ಎಂಜಿನ್ನಿನ ಬಡಿತವನ್ನು ತಡೆಯುವ ಗುಣ) ಕುಂದಿದ ಪೆಟ್ರೋಲು; ಎಂಜಿನ್ನಿಗೆ ಎರಡೂ ಹಿತವಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ವಾಹನದ ಟ್ಯಾಂಕಿನ ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿಕೊಳ್ಳುವುದು ಇದಕ್ಕಾಗಿ. ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆಯೆಂದು ಅಂದಾಜು ಮಾಡುವ ಪರೀಕ್ಷೆಯೂ ಇದೇ ತತ್ತ್ವದ ಮೇಲೆ ನಿಂತಿದೆ: ಅಳತೆಯ ಗಾಜಿನ ಜಾಡಿಯಲ್ಲಿ ಪೆಟ್ರೋಲಿಗೆ ನೀರು ಸೇರಿಸಿ ಕುಲುಕಿಟ್ಟರೆ ಎಥನಾಲ್ ನೀರಿಗೆ ಇಳಿದು ಕೆಳಗಿನ ಪದರ ಉಬ್ಬುತ್ತದೆ. ಪದರ ಉಬ್ಬಿದ್ದನ್ನು ನೋಡಿ ಬಂಕಿನವರು ಪೆಟ್ರೋಲಿಗೆ ನೀರು ಬೆರೆಸಿದ್ದಾರೆಂದು ಜಗಳಕ್ಕಿಳಿಯುವುದು ಸರಿಯಲ್ಲ.

ಎಲ್ಲ ಕತೆಯಲ್ಲೂ ನೀರೇ ನಾಯಕನಾಗಬೇಕೆಂದಿಲ್ಲ. ಹೆಕ್ಸೇನ್ ಮತ್ತು ಅದರ ಹೈಡ್ರೋಜನ್‌ಗಳ ಜಾಗದಲ್ಲೆಲ್ಲ ಫ್ಲೋರಿನ್ ಕೂರಿಸಿದ ಪರ್‌ಫ್ಲೋರೋಹೆಕ್ಸೇನ್ ಎರಡೂ ಧ್ರುವಗಳಿಲ್ಲದ ದ್ರವಗಳೇ. ಆದರೂ ಸುಮಾರು 23 ಡಿಗ್ರಿಗಿಂತ ಕೆಳಗೆ ಅವು ಬೇರ್ಪಡುತ್ತವೆ. ಕರಗಿದ ಸೀಸ ಮತ್ತು ಸತುವುಗಳೂ ಅಷ್ಟೆ. ಸೀಸದಲ್ಲಿ ಅಡಗಿರುವ ಬೆಳ್ಳಿ ಸೀಸಕ್ಕಿಂತ ಸತುವಿನಲ್ಲಿ ಹೆಚ್ಚು ಕರಗುವುದರಿಂದ, ಕರಗಿದ ಸೀಸಕ್ಕೆ ಸ್ವಲ್ಪ ಸತು ಹಾಕಿ ತೇಲಿಬಂದ ಕೆನೆಯನ್ನು ತೆಗೆದು ಬೆಳ್ಳಿ ಪಡೆಯುವ ವಿಧಾನಕ್ಕೆ ಅಲೆಕ್ಸಾಂಡರ್ ಪಾರ್ಕ್ಸ್ 1850ರಲ್ಲಿ ಹಕ್ಕುಪತ್ರ ಪಡೆದರು. ಹಿಲ್ಡೆಬ್ರಾಂಡ್ ಅವರಂತೂ 1949ರಲ್ಲಿ ಹೆಪ್ಟೇನ್, ಅನಿಲೀನ್, ನೀರು, ಫ್ಲೋರೋಕಾರ್ಬನ್, ರಂಜಕ, ಗ್ಯಾಲಿಯಂ, ಪಾದರಸ ಎಂಬ ಏಳು ದ್ರವಗಳನ್ನು ಒಂದರ ಕೆಳಗೊಂದು ಏಳು ಪದರಗಳಾಗಿ ನಿಲ್ಲಿಸಿ ತೋರಿಸಿದ್ದರು.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಕಾದ ಎಣ್ಣೆಗೆ ನೀರಿನ ಹನಿ ಬಿದ್ದರೆ ಏಕೆ ಸಿಡಿಯುತ್ತದೆ ಎಂಬುದು ಒಂದು. ಬೆರೆಯದಿರುವುದು ಮತ್ತು ಮುಳುಗುವುದು ಎರಡೂ ಸೇರಿ ಆಗುವ ಅನಾಹುತ ಅದು. ಹನಿ ಎಣ್ಣೆಯ ಕೆಳಗಿಳಿದು, 100 ಡಿಗ್ರಿಯನ್ನು ಬಹುವಾಗಿ ಮೀರಿದ ಎಣ್ಣೆಯಿಂದ ಸುತ್ತುವರಿಯಲ್ಪಟ್ಟು, ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುವ ಆವಿಯಾಗಿ ಮೇಲಿನ ಎಣ್ಣೆಯನ್ನು ಎತ್ತಿ ಎಸೆಯುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು ಎನ್ನುವುದು ಇದೇ ಕಾರಣಕ್ಕೆ.

ಸಾಬೂನಿನಂಥ ಮಧ್ಯವರ್ತಿಯಿಲ್ಲದೆ ಎಣ್ಣೆ ಮತ್ತು ನೀರನ್ನು ನಿಜವಾಗಿ ಬೆರೆಸಲು ಸಾಧ್ಯವೇ ಇಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಸಾಧ್ಯ. ನೀರನ್ನು 374 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ, ವಾಯುಮಂಡಲದ ಸುಮಾರು 218 ಪಟ್ಟು ಒತ್ತಡಕ್ಕಿಂತ ಹೆಚ್ಚು ಒತ್ತಡದಲ್ಲಿ ಇಟ್ಟರೆ ಅದು ದ್ರವವೂ ಅಲ್ಲದ ಆವಿಯೂ ಅಲ್ಲದ ಸ್ಥಿತಿ ತಲುಪುತ್ತದೆ. ಅಣುಗಳು ದೂರವಾಗಿ, ಹೈಡ್ರೋಜನ್ ಬಂಧಗಳ ಜಾಲ ಬಹುಪಾಲು ಹರಿದುಹೋಗಿ, ತನ್ನನ್ನು ತಾನು ಬಿಗಿದಪ್ಪಿಕೊಂಡಿದ್ದ ನೀರು ಅಲ್ಲಿ ಕಾಣುವುದಿಲ್ಲ. ಆ ನೀರಿನಲ್ಲಿ ಎಣ್ಣೆಗಳು ಧಾರಾಳವಾಗಿ ಬೆರೆಯುತ್ತವೆ, ಆಮ್ಲಜನಕವೂ ಬೆರೆಯುತ್ತದೆ; ಹಾಗಾಗಿ ವಿಷಕಾರಿ ಸಾವಯವ ತ್ಯಾಜ್ಯಗಳನ್ನು ಅದರೊಳಗೇ ಜ್ವಾಲೆಯಿಲ್ಲದೆ ಸುಟ್ಟುಹಾಕುವ ಸ್ಥಾವರಗಳನ್ನು ಕಟ್ಟಿದ್ದಾರೆ. ಅಲ್ಲಿನ ಎಂಜಿನಿಯರ್‌ಗಳಿಗೆ ತಲೆನೋವು ಎಣ್ಣೆಯಿಂದಲ್ಲ, ಉಪ್ಪಿನಿಂದ. ಸಾಮಾನ್ಯ ನೀರಿನಲ್ಲಿ ಸಲೀಸಾಗಿ ಕರಗುವ ಅಡಿಗೆ ಉಪ್ಪು ಆ ನೀರಿನಲ್ಲಿ ಬಹುಮಟ್ಟಿಗೆ ಕರಗದೆ ಹೊರಬಿದ್ದು ಕೊಳವೆಗಳ ಒಳಮೈಗೆ ಕಟ್ಟಿಕೊಳ್ಳುತ್ತದೆ, ಅದನ್ನು ತೊಳೆದು ತೆಗೆಯಲು ಸ್ಥಾವರವನ್ನೇ ಆಗಾಗ ನಿಲ್ಲಿಸಬೇಕಾಗಿ ಬರುತ್ತದೆ.